ಎಳೆಗುದುರೆಯನ್ನು ಮೊದಲ ರೇಸಿಗೆ ತರುವುದು: ನಾನು ಮಾಡುವ ಕ್ರಮ

ಉತ್ತರ ಗೋಳಾರ್ಧದಲ್ಲಿ ಜನವರಿ 1 ಬಂತೆಂದರೆ ಎಲ್ಲ ಥರೋಬ್ರೆಡ್‌ಗಳಿಗೂ (ರೇಸಿನ ತಳಿಯ ಕುದುರೆಗಳು) ಒಂದು ವರ್ಷ ಏರುತ್ತದೆ. ದಕ್ಷಿಣದ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಆಗಸ್ಟ್ 1. ಮೇ ತಿಂಗಳಲ್ಲಿ ಹುಟ್ಟಿದ್ದೂ ಜನವರಿಯಲ್ಲಿ ಹುಟ್ಟಿದ್ದೂ ಒಂದೇ ದಿನ 'ಎರಡು ವರ್ಷದ್ದು' ಆಗಿಬಿಡುತ್ತವೆ. ಅದಕ್ಕೇ ಟ್ರೇನಿಂಗ್ ಶುರುಮಾಡುವ ಮೊದಲು ಹುಟ್ಟಿದ ತಿಂಗಳು ನೋಡಿಕೊಳ್ಳುತ್ತೇನೆ.

ದಮ್ಮು ಕೆಲವೇ ವಾರಗಳಲ್ಲಿ ಬರುತ್ತದೆ, ಎಲುಬು ಗಟ್ಟಿಯಾಗಲು ತಿಂಗಳುಗಳು ಬೇಕು. ಕುದುರೆ ಲಗಾಮು ಜಗ್ಗುತ್ತಾ ಹುಮ್ಮಸ್ಸಿನಲ್ಲಿರುವಾಗಲೇ ಕಾಲು ಕೈಕೊಡುವುದು ಇದರಿಂದ. ಮೊದಲ ಆರೆಂಟು ವಾರ ಟ್ರಾಟ್ (ಕುಕ್ಕುಲೋಟ) ಮತ್ತು ನಿಧಾನದ ಕ್ಯಾಂಟರ್ (ಅದಕ್ಕಿಂತ ತುಸು ವೇಗದ ಹದವಾದ ಓಟ). ಆಮೇಲೆ ವಾರಕ್ಕೆರಡು ದಿನ, ಕ್ಯಾಂಟರ್‌ನ ಕೊನೆಗೆ ಒಂದೇ ಫರ್ಲಾಂಗ್ (ಸುಮಾರು 200 ಮೀಟರ್) 15–16 ಸೆಕೆಂಡಿನಲ್ಲಿ. ವಾರಗಳು ಕಳೆದಂತೆ ಎರಡು ಫರ್ಲಾಂಗ್, ನಂತರ ಮೂರು. ಫರ್ಲಾಂಗಿಗೆ 13 ಸೆಕೆಂಡಿನ ವೇಗ ಬರುವುದು ಕಟ್ಟಕಡೆಗೆ. ದಿನಾ ಮೈಲಿಗಟ್ಟಲೆ ನಿಧಾನವಾಗಿ ಓಡಿಸಿದರೆ ಸಾಲದು. ಎಲುಬು ತನ್ನ ಮೇಲೆ ಬಿದ್ದ ಭಾರಕ್ಕೆ ತಕ್ಕಂತೆ ಬೆಳೆಯುತ್ತದೆ. ರೇಸಿನ ವೇಗದ ಪೆಟ್ಟನ್ನು ಅದಕ್ಕೆ ಚೂರುಚೂರಾಗಿಯೇ ರೂಢಿ ಮಾಡಿಸಬೇಕು.

ಬೆಳಿಗ್ಗೆ ಬ್ಯಾಂಡೇಜ್ ಬಿಚ್ಚಿ, ಜೀನು ಹಾಕುವ ಮುಂಚೆಯೇ ಕಾಲು ಮುಟ್ಟಿ ನೋಡುತ್ತೇನೆ. ಮುಂಗಾಲಿನ ಮಂಡಿಯ ಕೆಳಗಿನ ನೀಳ ಎಲುಬಿನ ಮುಂಭಾಗಕ್ಕೆ ಮೊದಲು ಅಂಗೈ ಇಟ್ಟು ಬಿಸಿ ನೋಡುವುದು, ಆಮೇಲೆ ಮೇಲಿನಿಂದ ಕೆಳಕ್ಕೆ ಹೆಬ್ಬೆರಳಿಂದ ಒತ್ತುವುದು. ಮಧ್ಯದಲ್ಲಿ ಒತ್ತಿದಾಗ ಕಾಲು ಸೆಳೆದುಕೊಂಡರೆ ಶಿನ್ ಸೋರ್ (ಈ ಎಲುಬಿನ ಮುಂಭಾಗದ ನೋವು) ಶುರುವಾಗಿದೆ ಎಂದರ್ಥ. ಎರಡೂ ಕಾಲು ಹೋಲಿಸಲೇಬೇಕು. ಕೆಲವು ಕುದುರೆ ಬರೀ ಕಚಗುಳಿಗೇ ಸೆಳೆಯುತ್ತವೆ! ನಂತರ ಮಂಡಿ ಮಡಚಿ ಕಾಲೆತ್ತಿದರೆ ಹಿಂದಿನ ಟೆಂಡನ್ (ಮಾಂಸಖಂಡವನ್ನು ಎಲುಬಿಗೆ ಕಟ್ಟುವ ನಾರು) ಸಡಿಲವಾಗುತ್ತದೆ, ಅದನ್ನು ಬೆರಳುಗಳ ನಡುವೆ ಹೊರಳಿಸಿ ನೋಡಬೇಕು. ಅಲ್ಲಿ ಸಣ್ಣ ಊತವೋ ಬಿಸಿಯೋ ಇದ್ದರೂ ಕುದುರೆ ಲಾಯದಲ್ಲೇ ಉಳಿಯಬೇಕು, ಸ್ಕ್ಯಾನ್ ಆಗುವವರೆಗೆ.

ಶಿನ್ ಸೋರ್ ಆದರೆ ವೇಗದ ಕೆಲಸ ಬಂದ್. ತಣ್ಣೀರು, ನಡಿಗೆ, ನೋವು ಪೂರ್ತಿ ಹೋದಮೇಲೆ ಒಂದು ಹಂತ ಕೆಳಗಿಂದ ಮತ್ತೆ ಶುರು. ನೋವಿನ ಔಷಧ ಕೊಟ್ಟು ಓಡಿಸಿದರೆ ಎಲುಬಿನಲ್ಲಿ ಬಿರುಕು ಬರಬಹುದು.

ಮೇವಿನ ಲೆಕ್ಕ: 450 ಕಿಲೋ ಕುದುರೆಗೆ ದಿನಕ್ಕೆ 9–11 ಕಿಲೋ, ಅದರಲ್ಲಿ ಕನಿಷ್ಠ ಅರ್ಧ ಒಣಹುಲ್ಲು. ರಜೆಯ ದಿನ ಓಟ್ಸ್ ಅರ್ಧಕ್ಕೆ ಇಳಿಸುತ್ತೇನೆ; ಇಳಿಸದಿದ್ದರೆ ಕೆಲವು ಕುದುರೆಗಳಿಗೆ, ಹೆಚ್ಚಾಗಿ ಗಾಬರಿ ಸ್ವಭಾವದ ಹೆಣ್ಣುಗಳಿಗೆ, ಮರುದಿನ ಸೊಂಟದ ಮಾಂಸಖಂಡ ಸೆಟೆದುಕೊಳ್ಳುತ್ತದೆ. ಗೋದಲೆಯಲ್ಲಿ ರಾತ್ರಿಯ ಮೇವು ಉಳಿದಿದ್ದರೆ ಥರ್ಮಾಮೀಟರ್ ಹಿಡಿಯುತ್ತೇನೆ: 38.5 ಡಿಗ್ರಿ ದಾಟಿದರೆ ಅವತ್ತು ಓಟವಿಲ್ಲ.

ಸ್ಟಾರ್ಟಿಂಗ್ ಗೇಟಿಗೆ (ರೇಸ್ ಶುರುವಾಗುವ ಮುನ್ನ ಕುದುರೆ ನಿಲ್ಲುವ ಇಕ್ಕಟ್ಟಿನ ಗೂಡು) ಅವಸರ ಬೇಡ. ಎರಡೂ ಕಡೆ ತೆರೆದಿಟ್ಟು ನಡೆಸಿ, ಇನ್ನೊಂದು ದಿನ ಮುಂದಿನ ಬಾಗಿಲು ಮುಚ್ಚಿ ನಿಲ್ಲಿಸಿ, ಆಮೇಲೆ ಹಿಂದಿನದು.

ರೇಸಿನ ಮರುದಿನ ಸವಾರನಿಲ್ಲದೆ, ಗಟ್ಟಿ ನೆಲದ ಮೇಲೆ, ಹಗ್ಗ ಸಡಿಲಬಿಟ್ಟು ಟ್ರಾಟ್ ಮಾಡಿಸುತ್ತೇನೆ. ಮುಂಗಾಲು ನೋಯುತ್ತಿದ್ದರೆ ಆ ಕಾಲು ಊರಿದಾಗ ತಲೆ ಮೇಲೇಳುತ್ತದೆ.