ಮನೇಲೇ ಮಾಡೋ ಅಂಡರ್‌ವಾಟರ್ ವಿಡಿಯೋ ಲೈಟಿಗೆ ಎಷ್ಟು ಡಿಗ್ರಿ ಲೆನ್ಸ್ ಹಾಕ್ಬೇಕು?

ಡೈವಿಂಗ್ ಲೈಟ್ ತಾವೇ ಮಾಡ್ಕೊಳ್ಳೋರು ಮುಕ್ಕಾಲು ಪಾಲು ಜನ ಲೂಮೆನ್ (ಒಟ್ಟು ಬೆಳಕು ಎಷ್ಟು ಅನ್ನೋ ಅಳತೆ) ಹಿಂದೆ ಬೀಳ್ತಾರೆ, ಬೀಮ್ ಆಂಗಲ್, ಅಂದ್ರೆ ಬೆಳಕು ಎಷ್ಟು ಅಗಲಕ್ಕೆ ಹರಡುತ್ತೆ ಅನ್ನೋ ಕೋನದ ಬಗ್ಗೆ ತಲೆ ಕೆಡಿಸ್ಕೊಳ್ಳಲ್ಲ. ಬೆಂಗಳೂರಿನ ಎಸ್‌ಪಿ ರೋಡಲ್ಲೋ ಆನ್‌ಲೈನಲ್ಲೋ ತಗೊಳ್ಳೋ ಲೆನ್ಸ್ ಮೇಲೆ 60 ಡಿಗ್ರಿ, 90 ಡಿಗ್ರಿ ಅಂತ ಇರುತ್ತಲ್ಲ, ಅದು ಗಾಳೀಲಿ ಅಳೆದಿದ್ದು. ಲೈಟಿನ ಮುಂದೆ ಚಪ್ಪಟೆ ಗ್ಲಾಸೋ ಅಕ್ರಿಲಿಕ್ಕೋ ಇದ್ರೆ ಬೆಳಕು ನೀರಿಗೆ ಹೋಗ್ತಾ ಒಳಕ್ಕೆ ಬಾಗುತ್ತೆ, ಹಂಗಾಗಿ 120 ಇದ್ದಿದ್ದು ಸುಮಾರು 81 ಆಗುತ್ತೆ, 90 ಇದ್ದಿದ್ದು 64, 60 ಇದ್ದಿದ್ದು 44. ಲೆಕ್ಕ ಬೇಕಂದ್ರೆ ಅರ್ಧ ಆಂಗಲಿನ ಸೈನ್ ತಗೊಂಡು 1.33ರಿಂದ (ನೀರಿನ ವಕ್ರೀಭವನ ಸೂಚ್ಯಂಕ) ಭಾಗಿಸಿ, ಬಂದಿದ್ದಕ್ಕೆ ಸೈನ್ ಇನ್ವರ್ಸ್ ಹಾಕಿ ಡಬಲ್ ಮಾಡಿ, ಪಿಯುಸಿ ಫಿಸಿಕ್ಸ್ ಅಷ್ಟೇ. ಗ್ಲಾಸ್ ದಪ್ಪ ಆದ್ರೂ ತೆಳ್ಳಗಾದ್ರೂ ಈ ನಂಬರ್ ಬದಲಾಗಲ್ಲ. ಚಪ್ಪಟೆ ಗ್ಲಾಸ್ ಬದಲು ಡೋಮ್ (ಅರ್ಧ ಗೋಳದಂಥ ಗ್ಲಾಸ್) ಹಾಕಿ ಎಲ್‌ಇಡಿನ ಸರಿಯಾಗಿ ಅದರ ಸೆಂಟರಲ್ಲಿ ಕೂರಿಸಿದ್ರೆ ಆಂಗಲ್ ಹಂಗೇ ಉಳಿಯುತ್ತೆ, ಆದ್ರೆ ಮನೇಲಿ ಡೋಮ್ ಸೀಲ್ ಮಾಡೋದು ದೊಡ್ಡ ತಲೆನೋವು, ನಾನಂತೂ ಬೇಡ ಅಂತೀನಿ.

ಇನ್ನೊಂದು ಕಡೆ ಕ್ಯಾಮೆರಾನೂ ಇದೇ ಪೆಟ್ಟು ತಿನ್ನುತ್ತೆ. ಫೋನಿನ ಮೇನ್ ಕ್ಯಾಮೆರಾ 24 ಎಂಎಂ ಲೆನ್ಸಿಗೆ ಸಮ ಅಂದ್ಕೊಳ್ಳಿ, ಗಾಳೀಲಿ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತೆ, ಚಪ್ಪಟೆ ಕಿಟಕಿ ಇರೋ ಕೇಸಲ್ಲಿ ಹಾಕಿ ನೀರಿಗಿಳಿಸಿದ್ರೆ 60 ಅಷ್ಟೇ. ಅದಕ್ಕೆ ಲೆನ್ಸೇ ಇಲ್ಲದ ಬರೀ 120ರ ಎಲ್‌ಇಡಿ, ನೀರಲ್ಲಿ 81, ಧಾರಾಳವಾಗಿ ಸಾಕು. ಲೈಟಿನ ಆಂಗಲ್ ಕ್ಯಾಮೆರಾದಕ್ಕಿಂತ ಸ್ವಲ್ಪ ಜಾಸ್ತೀನೇ ಇರ್ಲಿ, ಯಾಕಂದ್ರೆ ಆ ನಂಬರ್ ಹೇಳೋದು ಬೆಳಕು ಅರ್ಧಕ್ಕೆ ಇಳಿಯೋ ಜಾಗನ, ಸಮ ಇಟ್ರೆ ಫ್ರೇಮಿನ ಅಂಚು ಮಂಕಾಗುತ್ತೆ. ಆಕ್ಷನ್ ಕ್ಯಾಮೆರಾ ಫುಲ್ ವೈಡಲ್ಲಿ ಇಟ್ರೆ ಒಂದು ಲೈಟ್ ಸಾಲಲ್ಲ, ಎರಡು ಬೇಕು.

ಸಣ್ಣ ಜೀವಿಗಳನ್ನ ಹತ್ರದಿಂದ ತೆಗೆಯೋರು 60ರ ಲೆನ್ಸ್ ಹಾಕಿ. ಅದೇ ಎಲ್‌ಇಡಿ, ಅದೇ ಬ್ಯಾಟರಿ, ಆದ್ರೆ ಬೆಳಕು ಸಣ್ಣ ಜಾಗಕ್ಕೆ ಬೀಳೋದ್ರಿಂದ ಲೆನ್ಸಿಲ್ಲದ 120ರದಕ್ಕಿಂತ ಹೆಚ್ಚುಕಮ್ಮಿ ಮೂರು ಪಟ್ಟು ಪ್ರಖರ. 10-15 ಡಿಗ್ರಿದು ಬಂಡೆ ಸಂದೀಲಿ ಹುಡುಕೋ ಟಾರ್ಚಿಗೆ ಸರಿ, ವಿಡಿಯೋಗೆ ಹಾಕಿದ್ರೆ ನಡುವೆ ಬಿಳಿ ಉಂಡೆ, ಸುತ್ತ ಕತ್ತಲೆ.

ಲೈಟ್ ಸೀಲ್ ಮಾಡೋ ಮುಂಚೆನೇ ಟೆಸ್ಟ್ ಮಾಡ್ಬಹುದು, ಇದು ಸಕ್ಕತ್ ಈಸಿ. ಮೀನಿನ ಗ್ಲಾಸ್ ಟ್ಯಾಂಕ್ ಖಾಲಿದೊಂದು ತಗೊಂಡು (ಮೀನಿದ್ರೆ ಬೇಡ) ನೀರು ತುಂಬಿ ನಾಲ್ಕೈದು ಹನಿ ಹಾಲು ಬಿಟ್ಟು ಕಲಕಿ. ರೂಮ್ ಕತ್ತಲೆ ಮಾಡಿ, ಎಲ್‌ಇಡಿನ ಲೆನ್ಸ್ ಸಮೇತ ಹೊರಗಿಂದ ಗ್ಲಾಸಿಗೆ ಒತ್ತಿ ಹಿಡೀರಿ, ಪವರ್ ಕಡಿಮೆ ಇರ್ಲಿ. ಹೊರಗೆ ಗಾಳಿ, ನಡುವೆ ಗ್ಲಾಸ್, ಒಳಗೆ ನೀರು, ಸಮುದ್ರದಲ್ಲಿ ಆಗೋದೂ ಇದೇ. ಮೇಲಿಂದ ನೆಟ್ಟಗೆ ಬಗ್ಗಿ ನೋಡಿದ್ರೆ ಬೀಮ್ ಬೀಸಣಿಗೆ ಥರ ಬಿಚ್ಕೊಂಡಿರುತ್ತೆ, ಫೋಟೋ ತೆಗೆದು ಅದರ ಮೇಲೆ ಕೋನಮಾಪಕ ಇಟ್ರೆ ಆಯ್ತು. ಅಂಚು ಗೆರೆ ಎಳೆದಂಗೆ ಇರಲ್ಲ, ಒಂದು ಅಂದಾಜು ಸಿಗುತ್ತೆ.

ಲೆನ್ಸ್ ಮಾತ್ರ ಯಾವ ಕಾರಣಕ್ಕೂ ನೀರಿಗೆ ತಾಗೋ ಹಂಗೆ ಫಿಟ್ ಮಾಡ್ಬೇಡಿ. ಅಕ್ರಿಲಿಕ್ಕಿಗೂ ನೀರಿಗೂ ಬೆಳಕು ಬಾಗಿಸೋ ಶಕ್ತೀಲಿ ವ್ಯತ್ಯಾಸ ತೀರಾ ಕಮ್ಮಿ, ಲೆನ್ಸ್ ಇದ್ರೂ ಇಲ್ದಂಗೆ, ಅದರ ಮುಂದೆ ಗಾಳಿ, ಆಮೇಲೆ ಗ್ಲಾಸ್ ಇರ್ಲೇಬೇಕು.

ಇನ್ನು ಆಂಗಲ್ ದೊಡ್ಡದಾದಷ್ಟೂ ಕ್ಯಾಮೆರಾ ಮುಂದಿರೋ ಕಸ ಕಡ್ಡಿ ಜಾಸ್ತಿ ಬೆಳಗುತ್ತೆ, ಮುರುಡೇಶ್ವರದ ಹತ್ರದ ನೇತ್ರಾಣಿ ದ್ವೀಪದ ಕಡೆ ನೀರು ಕದಡಿದ ದಿನ ವಿಡಿಯೋ ತುಂಬಾ ಬಿಳಿ ಚುಕ್ಕೆ. ಅದಕ್ಕೆ ಲೆನ್ಸ್ ಚೇಂಜ್ ಮಾಡೋದಕ್ಕಿಂತ ಲೈಟ್‌ನ ಆರ್ಮಲ್ಲಿ (ಕ್ಯಾಮೆರಾಗೆ ಲೈಟ್ ಜೋಡಿಸೋ ಉದ್ದನೆ ತೋಳು) ದೂರ ಇಟ್ಟು ಸ್ವಲ್ಪ ಹೊರಕ್ಕೆ ತಿರುಗಿಸಿ, ಎರಡು ಲೈಟಿದ್ರೆ ಎರಡೂ ಬೀಮಿನ ಅಂಚು ಸಬ್ಜೆಕ್ಟ್ ಹತ್ರ ಹೋಗಿ ಕೂಡ್ಬೇಕು, ಕ್ಯಾಮೆರಾ ಮೂಗಿನ ಮುಂದೆ ಅಲ್ಲ.