ಸಲಾಡ್ ನೀರಾಗದ ಹಾಗೆ

ಮೊದಲೆಲ್ಲ ನಾನು ಸಲಾಡ್ ಮಾಡಿಟ್ಟರೆ ಊಟಕ್ಕೆ ಕೂರುವಷ್ಟರಲ್ಲಿ ಬಟ್ಟಲಿನ ತಳದಲ್ಲಿ ನೀರು ನಿಂತಿರುತ್ತಿತ್ತು. ಹೋಳುಗಳು ಮೆತ್ತಗೆ, ಉಪ್ಪು ಹುಳಿ ಎಲ್ಲ ಆ ನೀರಿನಲ್ಲಿ. ತೊಳೆದ ತರಕಾರಿ ಸರಿಯಾಗಿ ಆರಿಲ್ಲವೇನೋ ಅಂದುಕೊಂಡು ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ನೋಡಿದೆ. ಆದರೂ ಅಷ್ಟೇ. ಸೌತೆಕಾಯಿಯಲ್ಲಿ ಶೇ. 95ರಷ್ಟು ನೀರೇ ಇರುತ್ತದೆ ಅಲ್ವಾ? ಉಪ್ಪು ತಾಗಿದ ಕೂಡಲೇ ಅದು ಹೊರಗೆ ಬರಲು ಶುರುವಾಗುತ್ತದೆ.

ಹೇಗಿದ್ದರೂ ಬಿಡುವ ನೀರು, ಮೊದಲೇ ಬಿಟ್ಟುಬಿಡಲಿ ಅಂತ ಈಗ ಸೌತೆಕಾಯಿಯಿಂದಲೇ ಶುರು ಮಾಡುತ್ತೇನೆ. ತೊಟ್ಟಿನ ಕಡೆಯಿಂದ ಒಂದು ಚೂರು ಕತ್ತರಿಸಿ ಬಾಯಿಗೆ ಹಾಕಿಕೊಳ್ಳುತ್ತೇನೆ. ಕಹಿ ಇದ್ದರೆ ಸಾಮಾನ್ಯವಾಗಿ ಅಲ್ಲೇ ಜಾಸ್ತಿ. ತೀರಾ ಕಹಿ ಅನ್ನಿಸಿದರೆ ಆ ಕಾಯಿಯನ್ನೇ ಬಳಸುವುದಿಲ್ಲ. ಚೆನ್ನಾಗಿದ್ದರೆ ಉದ್ದಕ್ಕೆ ಸೀಳಿ, ಚಮಚದಿಂದ ಬೀಜ ಕೆರೆದು ತೆಗೆದು, ಅರ್ಧ ಬೆರಳು ದಪ್ಪಕ್ಕೆ ಹೆಚ್ಚುತ್ತೇನೆ. ಎರಡು ಕಾಯಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಜರಡಿಗೆ ಹಾಕಿ 20 ನಿಮಿಷ ಬಿಡುತ್ತೇನೆ. ಸ್ವಲ್ಪ ಹೊತ್ತಿಗೆ ಹೋಳುಗಳ ಮೈ ಬೆವರಿದ ಹಾಗೆ ಹನಿ ಹನಿ. ಕೊನೆಗೆ ಕೆಳಗಿಟ್ಟ ಬಟ್ಟಲಿನಲ್ಲಿ ಮೂರ್ನಾಲ್ಕು ಚಮಚ ನೀರು ಸೇರಿರುತ್ತದೆ. ಹೋಳುಗಳನ್ನು ಬಟ್ಟೆಯಲ್ಲಿ ಮೆಲ್ಲಗೆ ಒತ್ತಿ ತೆಗೆದಿಡುತ್ತೇನೆ. ಕಚ್ಚಿದರೆ ಕರುಂ ಅನ್ನುತ್ತದೆ!

ಆ 20 ನಿಮಿಷದಲ್ಲಿ ಮಿಕ್ಕ ಕೆಲಸ ಮುಗಿಯುತ್ತದೆ. ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ತಣ್ಣೀರಿನಲ್ಲಿ ಹಾಕಿಟ್ಟರೆ ಘಾಟು ಇಳಿಯುತ್ತದೆ. ಕ್ಯಾರೆಟ್ ಅನ್ನು ಸಿಪ್ಪೆ ತೆಗೆಯುವ ಪೀಲರ್‌ನಲ್ಲೇ ಪಟ್ಟಿ ಪಟ್ಟಿಯಾಗಿ ಎಳೆಯುತ್ತೇನೆ. ತುರಿದರೆ ಅದೂ ರಸ ಬಿಡುತ್ತದೆ.

ಟೊಮೆಟೊದ್ದು ಮಾತ್ರ ಬೇರೆ ಲೆಕ್ಕ. ಅದರ ಬೀಜವನ್ನೂ ತೆಗೆದು ನೋಡಿದ್ದೆ, ಸಲಾಡ್ ಸಪ್ಪೆಯಾಯಿತು. ಬೀಜದ ಸುತ್ತ ಇರುವ ಲೋಳೆಯಲ್ಲೇ ಅದರ ರುಚಿ ಜಾಸ್ತಿ. ಹಾಗಾಗಿ ಬೀಜ ಹಾಗೇ ಇರಲಿ, ಆದರೆ ಹೆಚ್ಚುವುದು ಬಡಿಸುವ ಮುಂಚೆ. ಹಣ್ಣಾದ ಟೊಮೆಟೊವನ್ನು ಫ್ರಿಜ್‌ನಲ್ಲಿಟ್ಟರೆ ಪರಿಮಳ ಕಡಿಮೆಯಾಗುತ್ತದೆ, ಆದ್ದರಿಂದ ಹೊರಗೇ ಇಡುತ್ತೇನೆ.

ಇನ್ನು ಮೇಲಿನ ರಸ. ಸಾಮಾನ್ಯವಾಗಿ ಒಂದು ಪಾಲು ಹುಳಿಗೆ ಮೂರು ಪಾಲು ಎಣ್ಣೆ ಹಾಕುತ್ತಾರೆ. ಬಿಸಿಲಿನ ದಿನಕ್ಕೆ ಅದು ನನಗೆ ಭಾರ. ಒಂದು ಚಮಚ ನಿಂಬೆರಸಕ್ಕೆ ಒಂದೇ ಚಮಚ ಎಣ್ಣೆ, ಚಿಟಿಕೆ ಕಾಳುಮೆಣಸಿನ ಪುಡಿ. ಎಣ್ಣೆ ಪೂರ್ತಿ ಬಿಟ್ಟೂ ಮಾಡಿದ್ದೆ, ಹುಳಿ ಮಾತ್ರ ಎದ್ದು ಬಂತು. ಕ್ಯಾರೆಟ್‌ಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲೂ ಸ್ವಲ್ಪ ಜಿಡ್ಡು ಬೇಕು. ಉಪ್ಪನ್ನು ಮಾತ್ರ ರುಚಿ ನೋಡದೆ ಹಾಕಬೇಡಿ, ಸೌತೆಕಾಯಿಯಲ್ಲಿ ಆಗಲೇ ಇದೆ.

ಎಲ್ಲ ಕಲೆಸಿದ ಮೇಲೆ ಪುದೀನ ಎಲೆಗಳನ್ನು ಕೈಯಲ್ಲೇ ಹರಿದು ಹಾಕುತ್ತೇನೆ. ಮುಂಚೆಯೇ ಹಾಕಿದರೆ ನಿಂಬೆಹುಳಿಗೆ ಎಲೆ ಕಪ್ಪಿಡುತ್ತದೆ. ಯಾರಾದರೂ ತಡವಾಗಿ ಬರುವವರಿದ್ದರೆ ಅವರ ಪಾಲಿನ ಸೌತೆಕಾಯಿ, ಕ್ಯಾರೆಟ್, ಈರುಳ್ಳಿಯನ್ನು ಮುಚ್ಚಿ ಫ್ರಿಜ್‌ನಲ್ಲಿಡುತ್ತೇನೆ. ಅವರು ಕೈಕಾಲು ತೊಳೆದು ಬರುವಷ್ಟರಲ್ಲಿ ಟೊಮೆಟೊ ಹೆಚ್ಚಿ, ರಸ ಹಾಕಿ ಕಲೆಸಿ ಕೊಟ್ಟರಾಯಿತು.