ತೋಟದ ಬಿಸಿಲಲ್ಲಿ ಅಜ್ಜಿಯ ಫೋಟೋ: ಮುಖದ ಚುಕ್ಕೆ ಹೋಗಿದ್ದು ಹೀಗೆ

ತೀರ್ಥಹಳ್ಳಿ ಹತ್ತಿರದ ನಮ್ಮ ಅಡಿಕೆ ತೋಟದಲ್ಲಿ ಅಜ್ಜಿಯ ಫೋಟೋ ತೆಗೆಯಲು ಮೂರು ದಿನ ಒದ್ದಾಡಿದೆ. ಮಧ್ಯಾಹ್ನದ ಬಿಸಿಲು ಸೋಗೆಗಳ ನಡುವೆ ತೂರಿ ಬಂದು ಮುಖದ ಮೇಲೆ ಬೆಳ್ಳನೆ ಚುಕ್ಕೆ ಬೀಳುತ್ತಿತ್ತು. ಉಳಿದ ಕಡೆ ಚರ್ಮ ಹಸಿರು ಹಸಿರು. ಎಕ್ಸ್‌ಪೋಷರ್ (ಕ್ಯಾಮೆರಾ ಒಳಗೆ ಬಿಡುವ ಬೆಳಕು) ಏರಿಸಿದರೆ ಚುಕ್ಕೆ ಇನ್ನೂ ಜಾಸ್ತಿ. ತೊಂದರೆ ಕ್ಯಾಮೆರಾದ್ದಲ್ಲ, ಜಾಗದ್ದು ಅಲ್ವಾ?

ನಾಲ್ಕನೇ ದಿನ ಸಂಜೆ ಅಜ್ಜಿಯನ್ನು ಜಗಲಿಯ ಅಂಚಿನಲ್ಲಿ, ಅಂಗಳಕ್ಕೆ ಮುಖ ಮಾಡಿ ಕೂರಿಸಿದೆ. ಮೇಲೆ ಮಾಡಿನ ನೆರಳು, ಎದುರಿಗೆ ತೆರೆದ ಆಕಾಶ. ಮಡಿಲ ಮೇಲೆ ಬಿಳಿ ಪಂಚೆ ಹಾಸಿದೆ. ಅದರಿಂದ ಪುಟಿದ ಬೆಳಕು ಗದ್ದದ ಕೆಳಗಿನ ನೆರಳನ್ನು ತಿಳಿಯಾಗಿಸಿತು. ಬಣ್ಣ ಸರಿಹೊಂದಿಸುವ ವೈಟ್ ಬ್ಯಾಲೆನ್ಸ್ ಅನ್ನು ನೆರಳಿನ ಬೆಳಕಿಗಿರುವ ಶೇಡ್‌ಗೆ ಇಟ್ಟೆ. 50 ಎಂಎಂ ಲೆನ್ಸ್, ಬೆಳಕಿನ ಕಿಂಡಿ (ಅಪರ್ಚರ್) ಎಫ್/2.8. ಕಿಂಡಿ ಇನ್ನೂ ಅಗಲವಾಗುವ ಎಫ್/1.8ರಲ್ಲಿ ಒಂದು ಕಣ್ಣು ಮಸುಕಾಗುತ್ತಿತ್ತು. ಫೋಕಸ್ ಹತ್ತಿರದ ಕಣ್ಣಿಗೆ. ಆ ಕಣ್ಣಲ್ಲಿ ಅಂಗಳದ ಬೆಳಕು ಹೊಳೆದದ್ದು ಕಂಡು ತುಂಬಾ ಖುಷಿಯಾಯಿತು.